ತೆರೆಯದ ಫೈಲು

ಕಳೆದ ತಿಂಗಳು ಕಪಾಟು ಜಾಲಾಡುವಾಗ ಹಳೆಯ ಪೆನ್ ಡ್ರೈವ್ ಒಂದು ಸಿಕ್ಕಿತು. ಅದರೊಳಗಿನ ಒಂದು ಫೈಲಿನ ಕತೆ ಹೇಳಬೇಕು. ಜೊತೆಗೆ ಸ್ವಲ್ಪ ಇತಿಹಾಸವೂ ಬರುತ್ತದೆ, ಸಹಿಸಿಕೊಳ್ಳಿ. ನಾನು ಬಿ.ಕಾಂ. ಓದಿದವನು, ಕಂಪ್ಯೂಟರ್ ಪಂಡಿತನಲ್ಲ.

2008ರ ಅಕ್ಟೋಬರ್. ಮುಂಬಯಿಯಲ್ಲಿ ನಮ್ಮ ಬ್ಯಾಂಕಿನ ಪ್ರಾಜೆಕ್ಟ್ ಸಾಲದ ವಿಭಾಗದಲ್ಲಿದ್ದೆ. ಹಿಮಾಲಯದ ಮೂಲೆಯೊಂದರ ಸಣ್ಣ ಜಲವಿದ್ಯುತ್ ಯೋಜನೆಗೆ ಸಾಲ ಕೊಟ್ಟಿದ್ದೆವು. ಸುರಂಗ ಎಷ್ಟು ಮೀಟರ್ ಆಯಿತು, ಕಾಂಕ್ರೀಟ್ ಎಷ್ಟು ಘನಮೀಟರ್ ಬಿತ್ತು ಅಂತ ಸೈಟಿನ ಎಂಜಿನಿಯರು ತಿಂಗಳ ವರದಿ ಕಳಿಸಬೇಕು. ನಾವು ಟಿಪ್ಪಣಿ ಹಾಕಿದರೆ ಮುಂದಿನ ಕಂತು. ಆ ಕಂತಿನಿಂದಲೇ ಕೂಲಿಯವರ ಬಟವಾಡೆ.

ಆ ಸಲದ ವರದಿಯ ಹೆಸರಿನ ಬಾಲದಲ್ಲಿ ‘ಓಡಿಟಿ’ ಅಂತಿತ್ತು. ನಮ್ಮ ಆಫೀಸ್ 2003ರಲ್ಲಿ ತೆರೆಯಲಿಲ್ಲ. ಹೊಸ ತಂತ್ರಾಂಶ ಹಾಕಿಕೊಳ್ಳಲು ಹೆಡ್ ಆಫೀಸಿನ ಅನುಮತಿ ಬೇಕು. ಫೋನ್ ಮಾಡಿದೆ, ಎಂಜಿನಿಯರು ವರ್ಡ್ ನಮೂನೆಗೆ ಬದಲಿಸಿ ಕಳಿಸಿದರು. ತೆರೆಯಿತು, ಆದರೆ ಪಟ್ಟಿಯ ಕೊನೆಯ ಕಾಲಮ್ಮು ಪುಟದಾಚೆ ಹೋಗಿ ಮಾಯವಾಗಿತ್ತು. ನಾನು ‘ವರದಿ ಅಪೂರ್ಣ’ ಎಂದು ಬರೆದು ಸಹಿ ಹಾಕಿದೆ. ಎಲ್ಲ ಸರಿಹೋಗಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ದೀಪಾವಳಿ ಮುಗಿದಿತ್ತು. ಕೂಲಿಯವರು ಬರಿಗೈಯಲ್ಲಿ ಊರಿಗೆ ಹೋದರಂತೆ.

ಈ ಮನುಷ್ಯ ಎಲ್ಲರ ಹಾಗೆ ಬರೆಯಬಾರದಿತ್ತೇ ಅಂತ ಆಗ ಸಿಟ್ಟು ಬಂದಿತ್ತು. ಸೈಟಿನಲ್ಲಿದ್ದದ್ದು ಮೂರು ಕಂಪ್ಯೂಟರು. ಎರಡರಲ್ಲಿ ವಿಂಡೋಸ್ 98, ಒಂದರಲ್ಲಿ ಲಿನಕ್ಸ್. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಓಪನ್ ಆಫೀಸ್ ಹಾಕಿಕೊಂಡಿದ್ದರು. ಮೂರರಲ್ಲೂ ಅದೊಂದೇ ನಡೆಯುತ್ತಿತ್ತು, ಬಿಟ್ಟಿಯಾಗಿ.

ಅದರ ಮೂಲ ಜರ್ಮನಿ. 1985ರಲ್ಲಿ ಮಾರ್ಕೊ ಬ್ಯೋರಿಸ್ ಎಂಬ ಶಾಲಾ ಹುಡುಗ ‘ಸ್ಟಾರ್ ಡಿವಿಷನ್’ ಕಂಪನಿ ಶುರುಮಾಡಿ ಸ್ಟಾರ್‌ರೈಟರ್ ಎಂಬ ಬರವಣಿಗೆಯ ತಂತ್ರಾಂಶ ತಂದ. ಅದೇ ಬೆಳೆದು ಸ್ಟಾರ್ ಆಫೀಸ್ ಆಯಿತು; ವಿಂಡೋಸ್, ಓಎಸ್/2, ಸೊಲಾರಿಸ್, ಲಿನಕ್ಸ್ ಎಲ್ಲದರ ಮೇಲೂ ನಡೆಯಿತು. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇದನ್ನು 7.35 ಕೋಟಿ ಡಾಲರಿಗೆ ಕೊಂಡಿತು. ಯಾಕೆ ಗೊತ್ತೇ? ಸನ್‌ನ ಸೈಮನ್ ಫಿಪ್ಸ್ ಆಮೇಲೆ ಹೇಳಿದಂತೆ, ಅವರಲ್ಲಿ ಸುಮಾರು 42,000 ನೌಕರರು. ಹೆಚ್ಚುಕಡಿಮೆ ಪ್ರತಿಯೊಬ್ಬರಿಗೂ ಕೆಲಸಕ್ಕೊಂದು ಯುನಿಕ್ಸ್ ಯಂತ್ರ, ಅದರ ಜೊತೆ ವಿಂಡೋಸ್ ಲ್ಯಾಪ್‌ಟಾಪ್. ಅಷ್ಟೂ ಜನಕ್ಕೆ ಮೈಕ್ರೋಸಾಫ್ಟ್ ಲೈಸೆನ್ಸ್ ಕೊಳ್ಳುವುದಕ್ಕಿಂತ ಕಂಪನಿಯನ್ನೇ ಕೊಳ್ಳುವುದು ಅಗ್ಗವಂತೆ! ನಾನು ಭಾಗಿಸಿ ನೋಡಿದೆ: ತಲೆಗೆ 1,750 ಡಾಲರ್. ಒಂದು ಸಲದ ಲೈಸೆನ್ಸಿಗೆ ಇದು ದುಬಾರಿಯೇ. ಆದರೆ ಎರಡನೇ ಯಂತ್ರದ ಖರ್ಚು, ಮುಂದಿನ ಆವೃತ್ತಿಗಳ ಖರ್ಚು ಸೇರಿಸಿದರೆ ಲೆಕ್ಕ ಕೂಡುತ್ತದೆ. ಸಾಲದ ಅರ್ಜಿಯಾಗಿ ಬಂದಿದ್ದರೆ ನಾನು ಪಾಸು ಮಾಡುತ್ತಿದ್ದೆ.

2000ದಲ್ಲಿ ಸನ್ ಅದರ ಮೂಲ ಸಂಕೇತವನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ಓಪನ್ ಆಫೀಸ್ 1.0 ಬಂದದ್ದು 2002ರಲ್ಲಿ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಕೆಲಸ 2005ರದ್ದು. ಆ ಮೇ ತಿಂಗಳಲ್ಲಿ ಫೈಲು ಒಳಗೆ ಹೇಗಿರಬೇಕು ಎಂಬುದನ್ನೇ ಓಡಿಎಫ್ ಎಂಬ ಬಹಿರಂಗ ಮಾನಕವಾಗಿ ಒಯಾಸಿಸ್ ಸಂಸ್ಥೆ ಒಪ್ಪಿತು, ಮರುವರ್ಷ ಐಎಸ್‌ಓ ಕೂಡ. ನುಡಿಯಲ್ಲಿ ಬರೆದದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ಹುಳ ಹರಿದಾಡಿದಂತೆ ಕಂಡ ಕನ್ನಡಿಗರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಮೈಕ್ರೋಸಾಫ್ಟ್ ತನ್ನದೇ ಇನ್ನೊಂದು ಮಾನಕ ತಂದಾಗ 2007ರಲ್ಲೂ 2008ರಲ್ಲೂ ಭಾರತ ಬೇಡವೆಂದೇ ಮತ ಹಾಕಿತು. ಆದರೂ ಅದು ಪಾಸಾಯಿತು. ಆಫೀಸ್ 2007ಕ್ಕೆ ಓಡಿಎಫ್ ತೆರೆಯುವ ಶಕ್ತಿ ಬಂದದ್ದು 2009ರ ಏಪ್ರಿಲ್‌ನಲ್ಲಿ. ನಮ್ಮ ದೀಪಾವಳಿ ಕಳೆದು ಆರು ತಿಂಗಳಾದ ಮೇಲೆ!

ಆಮೇಲೆ ತಿಳಿದ ಎರಡು ಸಂಗತಿ ಇಂದಿಗೂ ಚುಚ್ಚುತ್ತವೆ. ಓಪನ್ ಆಫೀಸಿನಲ್ಲಿ 2003ರಿಂದಲೇ ಒಂದು ಗುಂಡಿ ಒತ್ತಿದರೆ ಪಿಡಿಎಫ್ ಆಗುತ್ತಿತ್ತು. ಅದನ್ನು ಕಳಿಸಿದ್ದರೆ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಆದರೆ ವರದಿ ವರ್ಡ್‌ನಲ್ಲೇ ಇರಬೇಕು ಅಂತ ನಮ್ಮ ಸುತ್ತೋಲೆ. ಇನ್ನೊಂದು, ಓಡಿಟಿ ಅಂದರೆ ಬರೀ ಜಿಪ್ ಗಂಟು. ಹೆಸರಿನ ಬಾಲವನ್ನು ‘ಜಿಪ್’ ಎಂದು ಬದಲಿಸಿದ್ದರೆ ನನ್ನ ಮೇಜಿನ ಮೇಲಿನ ವಿಂಡೋಸ್ ಎಕ್ಸ್‌ಪಿಯೇ ಬಿಚ್ಚುತ್ತಿತ್ತು, ಒಳಗಿನ ‘ಕಂಟೆಂಟ್’ ಎಂಬ ಫೈಲಿನ ಅಂಕಿಗಳನ್ನು ನೋಟ್‌ಪ್ಯಾಡಿನಲ್ಲೇ ಓದಬಹುದಿತ್ತು. ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರೋ ಏನೋ. ನಾನು ಕೇಳಲಿಲ್ಲ.

2010ರಲ್ಲಿ ಒರೇಕಲ್ ಸನ್ ಅನ್ನು ಕೊಂಡಿತು. ಅದೇ ಸೆಪ್ಟೆಂಬರಿನಲ್ಲಿ ಓಪನ್ ಆಫೀಸಿನ ಹಲವು ಕೆಲಸಗಾರರು ಹೊರಬಂದು ಲಿಬ್ರೆ ಆಫೀಸ್ ಕಟ್ಟಿದರು. ಕಳೆದ ತಿಂಗಳು ಮಗಳ ಲ್ಯಾಪ್‌ಟಾಪಿನಲ್ಲಿದ್ದ ಅದರಿಂದಲೇ ಆ ಹಳೆಯ ಫೈಲು ತೆರೆದೆ. ಕೊನೆಯ ಕಾಲಮ್ಮು ಇದ್ದಲ್ಲೇ ಇತ್ತು. ಕಾಂಕ್ರೀಟ್, ಈ ತಿಂಗಳು: 412 ಘನಮೀಟರ್. ಕಂತಿಗೆ ಬೇಕಿದ್ದದ್ದು 400.