ಕಬಿನಿ ಹಿನ್ನೀರಿನ ಬೇಸಿಗೆಯ ಆನೆಹಿಂಡುಗಳು

ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನ ದಂಡೆಗೆ ಪ್ರತಿ ಬೇಸಿಗೆಯಲ್ಲೂ ನೂರಾರು ಕಾಡಾನೆಗಳು ಬಂದು ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಾಣಸಿಗುವ ತಾಣಗಳು ಬಹಳ ಕಡಿಮೆ. ನೀರಿನ ಉತ್ತರಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ.

ಕಬಿನಿ ಹೊಳೆಗೂ ಆನೆಗಳಿಗೂ ಇರುವ ನಂಟು ಈ ಹಿನ್ನೀರನ್ನು ಉಂಟುಮಾಡಿದ ಅಣೆಕಟ್ಟಿಗಿಂತ ಹಳೆಯದು, ಅದು ಸೆರೆಯ ನಂಟಾಗಿತ್ತು. 1870ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ಖೆಡ್ಡಾ, ಅಂದರೆ ಕಾಡಾನೆಗಳನ್ನು ಹಿಂಡುಹಿಂಡಾಗಿ ಸೆರೆಹಿಡಿಯುವ ಪದ್ಧತಿ, ಆರಂಭಿಸಿದ. ಮುಂದೆ ಕಬಿನಿ ತೀರದ ಕಾಕನಕೋಟೆ ಅದಕ್ಕೆ ಹೆಸರಾಯಿತು. ಹಿಂಡನ್ನು ಸುತ್ತುವರಿದು, ಗದ್ದಲವೆಬ್ಬಿಸಿ, ಹೊಳೆಗಿಳಿಸಿ, ಮರದ ದಿಮ್ಮಿಗಳ ಆವರಣದೊಳಕ್ಕೆ ಅಟ್ಟುತ್ತಿದ್ದರು. ಕಾಡಿನ ಒಳಹೊರಗು ಬಲ್ಲ ಜೇನುಕುರುಬರಿಲ್ಲದೆ ಈ ಕೆಲಸ ಸಾಗುತ್ತಿರಲಿಲ್ಲ. ಅರಮನೆಯ ಅತಿಥಿಗಳು ಇದನ್ನು ಹಬ್ಬದಂತೆ ನೋಡಿದರು. ಹಿಂಡುಗಳನ್ನು ಒಡೆದು ಪಳಗಿಸುತ್ತಿದ್ದ ಈ ಪದ್ಧತಿ ಕ್ರೂರವಾಗಿತ್ತೆಂಬುದನ್ನು ಮರೆಮಾಚುವಂತಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು.

1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಪೂರ್ಣಗೊಂಡಾಗ ಖೆಡ್ಡಾದ ನೆಲ ನೀರಿನಡಿ ಸೇರಿತು. ಅದರ ಜೊತೆಗೇ ಕಾಡು ಮುಳುಗಿತು, ಊರುಗಳು ಮುಳುಗಿದವು, ಗಿರಿಜನರ ಹಾಡಿಗಳು ಚದುರಿದವು. ಹಿನ್ನೀರಿನ ಚೆಲುವನ್ನು ಹೊಗಳುವ ಬರಹಗಳು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಆನೆಗಳ ಈಗಿನ ಬೇಸಿಗೆ ಸೇರುವಿಕೆ ಈ ಜಲಾಶಯದಿಂದಲೇ ರೂಪುಗೊಂಡಿದೆ. ಕಬಿನಿ ಹುಟ್ಟುವ ವಯನಾಡಿನಲ್ಲಿ ಮುಂಗಾರು ಬಿರುಸಾದರೆ ಜುಲೈ–ಆಗಸ್ಟ್ ಹೊತ್ತಿಗೆ ಜಲಾಶಯ ತನ್ನ ಗರಿಷ್ಠ ಮಟ್ಟವಾದ 2284 ಅಡಿ ಮುಟ್ಟುತ್ತದೆ. ಆಗ ಆನೆಗಳು ಇಲ್ಲಿ ಹೆಚ್ಚಾಗಿ ಕಾಣುವುದಿಲ್ಲ, ಏಕೆಂದರೆ ಕಾಡಿನೊಳಗೆಲ್ಲ ಮೇವು, ನೀರು ಧಾರಾಳವಾಗಿರುತ್ತವೆ. ಚಳಿಗಾಲ ಕಳೆದು ಕಾಡಿನ ಕೆರೆಕಟ್ಟೆಗಳು ಬತ್ತಿ, ಹುಲ್ಲು ಒಣಗಿ, ಕಾಳ್ಗಿಚ್ಚಿನ ಭಯ ಕಾಡತೊಡಗಿದಾಗ ಜಲಾಶಯವೂ ಹಿಂದೆ ಸರಿಯುತ್ತದೆ. ಸರಿದ ಜಾಗದ ತೇವದ ಮೆಕ್ಕಲು ಮಣ್ಣಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ದಿನಕ್ಕೆ ಸುಮಾರು 150 ಕಿಲೋ ಮೇವು, ನೂರು ಲೀಟರಿಗೂ ಹೆಚ್ಚು ನೀರು ಬೇಕಾದ ಪ್ರಾಣಿಗೆ ಎರಡೂ ಒಂದೇ ಕಡೆ ಸಿಕ್ಕಂತಾಯಿತು. ಹಿರಿಯ ಹೆಣ್ಣಾನೆಗಳು ಮರಿಗಳನ್ನು ನಡುವೆ ಇಟ್ಟುಕೊಂಡು ತಮ್ಮ ಹಿಂಡುಗಳನ್ನು ಕರೆತರುತ್ತವೆ. ಬೇರೆ ದಿನಗಳಲ್ಲಿ ದೂರದೂರ ಅಲೆಯುವ ಕುಟುಂಬಗಳು ಇಲ್ಲಿ ಅಕ್ಕಪಕ್ಕ ಮೇಯುತ್ತವೆ, ಗಂಡಾನೆಗಳೂ ಜೊತೆಯನ್ನರಸಿ ಬರುತ್ತವೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಸಂಖ್ಯೆ ಹೆಚ್ಚು. ಮಳೆ ಹಿಡಿದೊಡನೆ ಹಿಂಡುಗಳು ಬಂಡೀಪುರ, ಮುದುಮಲೈ, ವಯನಾಡಿನ ಕಾಡುಗಳತ್ತ ಹರಡಿಕೊಳ್ಳುತ್ತವೆ.

ಹೀಗಾಗಿ ನೀರು ಇಳಿಯದೆ ನಿಂತರೆ ಹುಲ್ಲಿನ ಬಯಲು ಕಿರಿದಾಗುತ್ತದೆ, ಆನೆಗಳೂ ಕಡಿಮೆಯಾಗುತ್ತವೆ. ನಾಲೆಗೂ ಕಾವೇರಿಗೂ ಎಷ್ಟು ನೀರು ಬಿಡಬೇಕೆಂಬ ತೀರ್ಮಾನ ಆನೆಯ ಮೇವಿನ ತೀರ್ಮಾನವೂ ಆಗಿದೆ. ದಂಡೆಯ ಒಂದು ಮಗ್ಗುಲಲ್ಲಿ ಹೊಲಗಳು, ರೆಸಾರ್ಟ್‌ಗಳು ನೀರಿನವರೆಗೂ ಬಂದಿವೆ. ಉಳಿದಿರುವ ತೆರೆದ ದಂಡೆಯಲ್ಲಿ ಇನ್ನು ಒಂದು ಬೇಲಿ, ಒಂದು ಕಟ್ಟಡಕ್ಕೂ ಅವಕಾಶ ಕೊಡಬಾರದು.