ಫ್ರೀಲ್ಯಾನ್ಸ್ ವೃತ್ತಿ
ಯಾವುದೇ ಸಂಸ್ಥೆಯ ಕಾಯಂ ನೌಕರಿಗೆ ಸೇರದೆ, ಒಪ್ಪಿಕೊಂಡ ಕೆಲಸಕ್ಕೆ ಸಂಭಾವನೆ ಪಡೆದು ಹಲವು ಗ್ರಾಹಕರಿಗೆ ಸೇವೆ ಒದಗಿಸುವ ಸ್ವಯಂ ಉದ್ಯೋಗ. ಬರವಣಿಗೆ, ಅನುವಾದ, ಛಾಯಾಗ್ರಹಣ, ವಿನ್ಯಾಸ, ಸಾಫ್ಟ್‌ವೇರ್ ರಚನೆ ಇದರ ಮುಖ್ಯ ಕ್ಷೇತ್ರಗಳು.

ಭಾರತದಲ್ಲಿ ಇದು ಸಾಮಾನ್ಯವಾಗಿ ಏಕವ್ಯಕ್ತಿ ಮಾಲೀಕತ್ವವಾಗಿ ಆರಂಭವಾಗುತ್ತದೆ. ಕಂಪನಿ ನೋಂದಣಿ ಬೇಕಿಲ್ಲ. ಪ್ಯಾನ್ ಮತ್ತು ಬ್ಯಾಂಕ್ ಖಾತೆ ಇದ್ದರೆ ಬಿಲ್ ಬರೆದು ಹಣ ಪಡೆಯಬಹುದು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದರೆ ಕರ್ನಾಟಕವೂ ಸೇರಿದಂತೆ ಬಹುತೇಕ ರಾಜ್ಯಗಳಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯ.

ಬಾಕಿ ವಸೂಲಿ ಈ ವೃತ್ತಿಯ ದೊಡ್ಡ ತೊಡಕು. ಇದಕ್ಕೆ ನೆರವಾಗುವುದು ಸೂಕ್ಷ್ಮ, ಸಣ್ಣ ಉದ್ದಿಮೆಗಳಿಗೆ 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ; ಅದು ಉಚಿತ, ಆಧಾರ್ ಆಧಾರಿತ. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಗೆ, 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ, ಖರೀದಿದಾರ ಒಪ್ಪಂದದಲ್ಲಿ ಹೇಳಿದ ಅವಧಿಯೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಹಣ ಪಾವತಿಸಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಹೀಗಾಗಿ ಮೊದಲ ಕೆಲಸ ಒಪ್ಪಿಕೊಳ್ಳುವ ಮುನ್ನವೇ ನೋಂದಣಿ ಮುಗಿಸಿ, ದರ, ಗಡುವು, ತಿದ್ದುಪಡಿಗಳ ಮಿತಿಯನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

ನೌಕರರಿಗೆ ಸಿಗುವ ಭವಿಷ್ಯ ನಿಧಿ, ಇಎಸ್‌ಐ, ಗ್ರಾಚ್ಯುಟಿ ಈ ವೃತ್ತಿಯವರಿಗೆ ಅನ್ವಯಿಸುವುದಿಲ್ಲ.