ದೂರದ ಓದುಗ: ಅಂಚೆಯಿಂದ ಆನ್‌ಲೈನ್ ತರಗತಿಯವರೆಗೆ ಬರವಣಿಗೆಯ ಬೋಧನೆ

ನಡೆದ ಸಂಗತಿಗಳಿಗೆ ಕಲ್ಪನೆಯನ್ನು ಬೆರೆಸದೆ, ಆದರೆ ಕಥೆ ಕಾದಂಬರಿಗಳ ದೃಶ್ಯರಚನೆ, ಸಂಭಾಷಣೆ, ನಿರೂಪಣಾಕ್ರಮಗಳನ್ನು ಬಳಸಿಕೊಂಡು ಬರೆಯುವ ಗದ್ಯವನ್ನು ಅಮೆರಿಕದ ವಿಶ್ವವಿದ್ಯಾನಿಲಯಗಳು ಕಳೆದ ಕೆಲವು ದಶಕಗಳಿಂದ ‘ಕ್ರಿಯೇಟಿವ್ ನಾನ್‌ಫಿಕ್ಷನ್’ ಎಂಬ ಹೆಸರಿನಲ್ಲಿ ಕಲಿಸುತ್ತ ಬಂದಿವೆ. ಕನ್ನಡದಲ್ಲಿ ಲಲಿತ ಪ್ರಬಂಧ, ಪ್ರವಾಸ ಕಥನ, ಆತ್ಮಕಥನ, ವ್ಯಕ್ತಿಚಿತ್ರ ಎಂದು ಬೇರೆ ಬೇರೆಯಾಗಿ ಗುರುತಿಸುವ ಪ್ರಕಾರಗಳಲ್ಲಿ ಬಹುಪಾಲು ಅದರ ವ್ಯಾಪ್ತಿಗೆ ಸೇರುತ್ತವೆ. ಇಂದು ಇದನ್ನು ಕಲಿಯಬಯಸುವವರಲ್ಲಿ ಅನೇಕರು ಆನ್‌ಲೈನ್ ತರಗತಿಗಳನ್ನು ಸೇರುತ್ತಾರೆ. ಈ ಪದ್ಧತಿಯನ್ನು ಕೇವಲ ಅಂತರ್ಜಾಲದ ಕೊಡುಗೆಯೆಂದು ಭಾವಿಸಿದರೆ ಅದರ ಚರಿತ್ರೆಯ ಮುಖ್ಯಭಾಗವೇ ಕಣ್ತಪ್ಪುತ್ತದೆ. ಏಕೆಂದರೆ ಕಲಿಯುವವರ ಬರಹವನ್ನು ದೂರದಲ್ಲಿರುವ ಒಬ್ಬರು ಓದಿ, ತಿದ್ದಿ, ಬರಹದಲ್ಲೇ ಉತ್ತರಿಸುವ ಕ್ರಮವು ಅಂಚೆಯ ಕಾಲದಲ್ಲೇ ರೂಪುಗೊಂಡಿತ್ತು.

1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಏಕರೂಪದ ಅಂಚೆದರ ಜಾರಿಗೆ ಬಂದಾಗ, ಐಸಾಕ್ ಪಿಟ್‌ಮನ್ ತಾನು ರೂಪಿಸಿದ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸತೊಡಗಿದ. ಕಲಿಯುವವರು ಬರೆದು ಕಳುಹಿಸಿದ ಪಾಠ ತಿದ್ದುಪಡಿಯೊಂದಿಗೆ ಅವರಿಗೇ ಮರಳುತ್ತಿತ್ತು. ಈ ಕ್ರಮಕ್ಕೆ ಆಪ್ತತೆಯನ್ನು ತಂದುಕೊಟ್ಟವರು ಅಮೆರಿಕದ ಬಾಸ್ಟನ್ ನಗರದ ಅನ್ನಾ ಎಲಿಯಟ್ ಟಿಕ್ನರ್. ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣದ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದ ಕಾಲದಲ್ಲಿ, 1873ರಲ್ಲಿ, ಅವರು ಮನೆಯಲ್ಲೇ ವ್ಯಾಸಂಗ ಮಾಡುವ ಮಹಿಳೆಯರಿಗಾಗಿ ಸಂಘವೊಂದನ್ನು ಕಟ್ಟಿದರು. ಅಲ್ಲಿನ ವಿದ್ಯಾರ್ಥಿನಿ ಪುಸ್ತಕವನ್ನು ಓದಿ ಮುಚ್ಚಿಟ್ಟು, ಆಮೇಲೆ ನೆನಪಿನಿಂದಲೇ ಟಿಪ್ಪಣಿ ಬರೆಯಬೇಕಿತ್ತು. ಆಕೆಗೆ ಗೊತ್ತುಪಡಿಸಿದ ಶಿಕ್ಷಕಿ ಅದನ್ನು ಓದಿ ತಿಂಗಳಿಗೊಮ್ಮೆ ಪತ್ರ ಬರೆಯುತ್ತಿದ್ದರು. ಆ ಶಿಕ್ಷಕಿಯರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿದವರು. 1897ರಲ್ಲಿ ಸಂಘ ಮುಚ್ಚುವ ವೇಳೆಗೆ ಏಳು ಸಾವಿರಕ್ಕೂ ಹೆಚ್ಚು ಮಹಿಳೆಯರು ಅದರ ಮೂಲಕ ಕಲಿತಿದ್ದರು.

ಇದೇ ಅವಧಿಯಲ್ಲಿ ಕಾಲೇಜುಗಳ ಒಳಗೂ ಬರವಣಿಗೆಯ ಬೋಧನೆ ಹೊಸ ದಾರಿ ಹಿಡಿಯಿತು. ಹಾರ್ವರ್ಡ್‌ನಲ್ಲಿ ಬ್ಯಾರೆಟ್ ವೆಂಡೆಲ್ 1880ರ ದಶಕದಲ್ಲಿ ‘ಡೈಲಿ ಥೀಮ್’ ಎಂಬ ಅಭ್ಯಾಸವನ್ನು ರೂಢಿಗೆ ತಂದರು. ಪ್ರತಿದಿನ ತಾನು ಕಂಡದ್ದನ್ನು ಕುರಿತು ಒಂದು ಪುಟದಷ್ಟು ಬರೆದು ಒಪ್ಪಿಸುವುದು ಅದರ ನಿಯಮ. 1936ರಲ್ಲಿ ಐಯೊವಾ ವಿಶ್ವವಿದ್ಯಾನಿಲಯದಲ್ಲಿ ಆರಂಭಗೊಂಡ ಬರಹಗಾರರ ಕಮ್ಮಟವು ಇನ್ನೊಂದು ಮಾದರಿಯನ್ನು ಪ್ರಸಿದ್ಧಿಗೆ ತಂದಿತು. ಒಬ್ಬರ ಬರಹವನ್ನು ಎಲ್ಲರೂ ಮೊದಲೇ ಓದಿ ಬಂದು ಚರ್ಚಿಸುವುದು, ಬರೆದವರು ಅಷ್ಟು ಹೊತ್ತು ಮೌನವಾಗಿ ಕೇಳಿಸಿಕೊಳ್ಳುವುದು ಈ ಕಮ್ಮಟ ಪದ್ಧತಿಯ ತಿರುಳು.

ಅಂಚೆಯ ಬೋಧನೆಗೆ ಕೆಟ್ಟ ಹೆಸರು ತಂದ ಪ್ರಸಂಗವನ್ನೂ ಈ ಚರಿತ್ರೆ ಮರೆಯಲಾಗದು. 1961ರಲ್ಲಿ ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿ ಹುಟ್ಟಿದ ‘ಫೇಮಸ್ ರೈಟರ್ಸ್ ಸ್ಕೂಲ್’ ಖ್ಯಾತ ಲೇಖಕರ ಭಾವಚಿತ್ರಗಳನ್ನು ಜಾಹೀರಾತುಗಳಲ್ಲಿ ಮೆರೆಸಿ, ಪ್ರತಿಭಾ ಪರೀಕ್ಷೆಯ ಹೆಸರಿನಲ್ಲಿ ಜನರನ್ನು ಸೆಳೆದು, ದುಬಾರಿ ಶುಲ್ಕದ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಿತ್ತು. ಪತ್ರಕರ್ತೆ ಜೆಸ್ಸಿಕಾ ಮಿಟ್‌ಫರ್ಡ್ 1970ರ ಜುಲೈ ತಿಂಗಳ ‘ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಇದರ ಒಳಗುಟ್ಟನ್ನು ಬಯಲಿಗೆಳೆದರು. ಆ ಖ್ಯಾತನಾಮರು ವಿದ್ಯಾರ್ಥಿಗಳ ಬರಹವನ್ನು ಓದುತ್ತಲೇ ಇರಲಿಲ್ಲ. 72 ವರ್ಷದ ವಿಧವೆಯೊಬ್ಬರಿಂದಲೂ ಕರಾರಿಗೆ ಸಹಿ ಪಡೆಯಲಾಗಿತ್ತು. ನಡುವೆಯೇ ಕೈಬಿಟ್ಟವರ ಹಣವೇ ಸಂಸ್ಥೆಯ ಲಾಭದ ಮೂಲವಾಗಿತ್ತು. ಎರಡು ವರ್ಷ ಕಳೆಯುವುದರೊಳಗೆ ಸಂಸ್ಥೆ ದಿವಾಳಿಯೆದ್ದಿತು. ಟಿಕ್ನರ್ ಅವರ ಸಂಘಕ್ಕೂ ಈ ಶಾಲೆಗೂ ಇದ್ದ ಸಾಧನ ಒಂದೇ, ಅಂಚೆ. ಒಂದು ಬಾಳಿ ಇನ್ನೊಂದು ಅಳಿದದ್ದಕ್ಕೆ ಕಾರಣ, ಮಾತು ಕೊಟ್ಟವರೇ ಕುಳಿತು ಓದಿದರೋ ಇಲ್ಲವೋ ಎಂಬುದು.

ಈ ನಡುವೆ ನಿಜಸಂಗತಿಯ ಗದ್ಯಕ್ಕೆ ಸಾಹಿತ್ಯದ ಮನ್ನಣೆ ದೊರೆಯುತ್ತಿತ್ತು. ಪರಮಾಣು ಬಾಂಬಿನ ದಾಳಿಯಲ್ಲಿ ಬದುಕುಳಿದ ಆರು ಮಂದಿಯನ್ನು ಕುರಿತ ಜಾನ್ ಹರ್ಸಿಯ ‘ಹಿರೋಶಿಮಾ’ ಬರಹಕ್ಕೆ ‘ನ್ಯೂಯಾರ್ಕರ್’ ಪತ್ರಿಕೆ 1946ರ ಆಗಸ್ಟ್ 31ರ ಸಂಚಿಕೆಯನ್ನು ಇಡಿಯಾಗಿ ಮೀಸಲಿಟ್ಟಿತು. ಟ್ರೂಮನ್ ಕಪೋಟೆಯ ‘ಇನ್ ಕೋಲ್ಡ್ ಬ್ಲಡ್’ 1965ರಲ್ಲಿ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಈ ಪ್ರಕಾರವನ್ನು ಪಾಠಪಟ್ಟಿಗೆ ಸೇರಿಸಲು ಶ್ರಮಿಸಿದ ಲೀ ಗಟ್‌ಕಿಂಡ್ 1993ರಲ್ಲಿ ‘ಕ್ರಿಯೇಟಿವ್ ನಾನ್‌ಫಿಕ್ಷನ್’ ಪತ್ರಿಕೆಯನ್ನು ಸ್ಥಾಪಿಸಿದರು. ವರ್ಷದಲ್ಲಿ ಕೆಲವೇ ದಿನ ಕಾಲೇಜಿನಲ್ಲಿ ಕೂಡಿ, ಉಳಿದ ಅವಧಿಯಲ್ಲಿ ಮನೆಯಿಂದಲೇ ಶಿಕ್ಷಕರೊಡನೆ ಪತ್ರವ್ಯವಹಾರ ನಡೆಸುವ ‘ಅಲ್ಪವಾಸ’ ಕ್ರಮದ ಪದವಿಗಳೂ ಈ ಕ್ಷೇತ್ರದಲ್ಲಿ ನೆಲೆಯೂರಿದವು. ನ್ಯೂಯಾರ್ಕಿನ ಗೋಥಮ್ ರೈಟರ್ಸ್ ವರ್ಕ್‌ಶಾಪ್ 1997ರ ಹೊತ್ತಿಗೆ ಆನ್‌ಲೈನ್ ತರಗತಿಗಳನ್ನು ಆರಂಭಿಸಿದಾಗ ಅಂಚೆಯ ಪತ್ರ ಮತ್ತು ಐಯೊವಾದ ಕಮ್ಮಟ ಒಂದೇ ಕಡೆ ಕೂಡಿದವು.

ಆನ್‌ಲೈನ್ ತರಗತಿಯ ಕಾರ್ಯವಿಧಾನವನ್ನು ಹತ್ತಿರದಿಂದ ನೋಡಿದರೆ ಈ ಕೂಡುವಿಕೆ ಸ್ಪಷ್ಟವಾಗುತ್ತದೆ. ವಾರದ ಪಾಠವನ್ನು ಓದಿದ ವಿದ್ಯಾರ್ಥಿ ತನ್ನ ಬರಹವನ್ನು ಎಲ್ಲರ ಮುಂದಿಡುತ್ತಾನೆ; ಸಹಪಾಠಿಗಳು ತಮ್ಮ ಅಭಿಪ್ರಾಯವನ್ನು ಬರೆದೇ ತಿಳಿಸುತ್ತಾರೆ; ಶಿಕ್ಷಕರು ಪುಟದ ಅಂಚಿನಲ್ಲಿ ಪ್ರಶ್ನೆಗಳನ್ನು ಗುರುತು ಮಾಡುತ್ತಾರೆ. ಅಜ್ಜಿಯ ಮನೆ ಬಹಳ ಸುಂದರವಾಗಿತ್ತು ಎಂಬ ವಾಕ್ಯದ ಪಕ್ಕದಲ್ಲಿ, ನೆಲ ಸಗಣಿ ಸಾರಿಸಿದ್ದೋ ಗಾರೆಯದ್ದೋ, ಬೆಳಕು ಬರುತ್ತಿದ್ದದ್ದು ಎಲ್ಲಿಂದ ಎಂಬ ಪ್ರಶ್ನೆ ಬೀಳುತ್ತದೆ. ಅಜ್ಜ ಅಜ್ಜಿಯರ ಹಳೆಯ ಜಗಳವನ್ನು ಸಂಭಾಷಣೆಯಲ್ಲಿ ಬರೆದಿದ್ದರೆ, ಆಗಿನ್ನೂ ಹುಟ್ಟಿರದ ಲೇಖಕನಿಗೆ ಆ ಮಾತುಗಳು ತಿಳಿದದ್ದು ಯಾರಿಂದ ಎಂಬ ಪ್ರಶ್ನೆ ಏಳುತ್ತದೆ. ಕೇಳುವವರು ಆ ಮನೆಯನ್ನು ಕಂಡವರಲ್ಲ, ಆ ಊರಿನವರೂ ಅಲ್ಲ. ಊರಿನವರ ನಡುವೆ ಅರ್ಧ ಹೇಳಿದರೆ ಸಾಲುತ್ತದೆ. ದೂರದ ಓದುಗನಿಗೆ ಪೂರ್ತಿ ಹೇಳಬೇಕು, ಹೇಳಿದ್ದಕ್ಕೆ ಆಧಾರವನ್ನೂ ಇಟ್ಟುಕೊಂಡಿರಬೇಕು. ಈ ಕಾರಣದಿಂದ, ಸತ್ಯಕ್ಕೆ ಬದ್ಧವಾದ ಗದ್ಯದ ಕಲಿಕೆಗೆ ದೂರವೆಂಬುದು ಕೊರತೆಯಾಗುವ ಬದಲು ಉಪಕಾರಿಯೇ ಆಗಿದೆ.

ಕರ್ನಾಟಕಕ್ಕೆ ಈ ಕಲಿಕೆಯ ಕ್ರಮ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಅದೇ ಸಂಸ್ಥೆಯ ಬುನಾದಿಯ ಮೇಲೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್, ಎ. ಎನ್. ಮೂರ್ತಿರಾವ್ ಅವರಂತಹ ಪ್ರಬಂಧಕಾರರ ಪರಂಪರೆಯುಳ್ಳ ಭಾಷೆಯೊಂದು ತನ್ನ ಗದ್ಯದ ಕಸುಬನ್ನು ಆನ್‌ಲೈನ್ ತರಗತಿಗಳಲ್ಲಿ ಕಲಿಸಲು ಮುಂದಾಗುವುದಾದರೆ, ಒಂದೂವರೆ ಶತಮಾನಕ್ಕೂ ಮೀರಿದ ಈ ಚರಿತ್ರೆಯಿಂದ ಅದು ಪಡೆಯಬೇಕಾದ ಪಾಠ ಸರಳವಾಗಿದೆ: ಒಬ್ಬ ಶಿಕ್ಷಕ ನಿಜವಾಗಿ ಓದಿ ಉತ್ತರಿಸಬಲ್ಲಷ್ಟೇ ವಿದ್ಯಾರ್ಥಿಗಳನ್ನು ಅವನಿಗೆ ಒಪ್ಪಿಸಬೇಕು, ಮತ್ತು ಶುಲ್ಕದ ಲೆಕ್ಕವೂ ತಂತ್ರಜ್ಞಾನದ ಆಯ್ಕೆಯೂ ಆ ಮಿತಿಗೆ ಒಳಪಟ್ಟಿರಬೇಕು.